ಮರಳಿ ಬಂದ ಪೆಡಲ್: ಕೈಯಿಂದ ಕಟ್ಟಿದ ಗಿಟಾರ್ ಎಫೆಕ್ಟ್ಸ್ ಪೆಡಲ್‌ಗಳಲ್ಲಿ ದೋಷ ಹುಡುಕುವ ಬಗೆ

ಕಟ್ಟಿ ಮಾರಿದ ಪೆಡಲ್ (ಗಿಟಾರಿನ ದನಿಯನ್ನು ಬದಲಿಸುವ, ಕಾಲಿನಿಂದ ಒತ್ತುವ ಡಬ್ಬಿ) ‘ಕೆಲಸ ಮಾಡುತ್ತಿಲ್ಲ’ ಎಂಬ ಒಂದೇ ಸಾಲಿನ ಚೀಟಿಯೊಂದಿಗೆ ಮರಳಿ ಬಂದಾಗ ಕೈ ತಾನಾಗಿ ಸೋಲ್ಡರಿಂಗ್ ಐರನ್ ಕಡೆಗೆ ಹೋಗುತ್ತದೆ. ಅನುಮಾನ ಬಂದ ಟ್ರಾನ್ಸಿಸ್ಟರನ್ನು ಕಿತ್ತು ಹೊಸದನ್ನು ಹಾಕಿಬಿಡೋಣ ಎನಿಸುತ್ತದೆ. ಮೊದಲ ವರ್ಷಗಳಲ್ಲಿ ನಾನೂ ಹಾಗೆಯೇ ಮಾಡುತ್ತಿದ್ದೆ. ಒಂದು ದೋಷ ಎರಡಾಗುತ್ತಿತ್ತು; ಪದೇ ಪದೇ ಕಾಯಿಸಿದ ಜಾಗದಲ್ಲಿ ತಾಮ್ರದ ಪದರ ಎದ್ದು, ಚೆನ್ನಾಗಿದ್ದ ಬೋರ್ಡ್ ಹಾಳಾಗುತ್ತಿತ್ತು. ದೋಷ ಇರುವುದು ಇಲ್ಲಿಯೇ ಎಂದು ಬೆರಳಿಟ್ಟು ತೋರಿಸಲು ಆಗುವವರೆಗೆ ಐರನ್ ಬಿಸಿಯಾಗಬಾರದು ಎಂಬುದು ಈಗ ನನ್ನ ಕಟ್ಟುನಿಟ್ಟಿನ ನಿಯಮ. ಕೆಳಗೆ ಬರೆದಿರುವ ಕ್ರಮ 9 ವೋಲ್ಟಿನಲ್ಲಿ ನಡೆಯುವ, ಒಂಬತ್ತು ಕಾಲಿನ ಟ್ರೂ ಬೈಪಾಸ್ ಸ್ವಿಚ್ ಇರುವ ಪೆಡಲ್‌ಗಳಿಗೆ ಹೊಂದುವಂಥದ್ದು. ಸಣ್ಣ ಪ್ರಮಾಣದಲ್ಲಿ ಕಟ್ಟಿ ಮಾರುವವರ ಮೇಜಿನ ಮೇಲೆ ಹೆಚ್ಚಾಗಿ ಇರುವುದು ಇಂಥವೇ.

ಒಂದು ಎಚ್ಚರಿಕೆ ಮೊದಲೇ ಹೇಳಬೇಕು. ಪೆಡಲಿನ ಒಳಗೆ ಕೈಯಿಟ್ಟರೆ ಅಪಾಯವಿಲ್ಲ. ಆದರೆ ದೋಷ ಆಂಪ್ಲಿಫೈಯರಿನದ್ದು ಎಂದು ಕಂಡುಬಂದರೆ ಅಲ್ಲಿಗೆ ನಿಲ್ಲಿಸಿ. ವಾಲ್ವ್ ಆಂಪ್ಲಿಫೈಯರಿನ ಒಳಗೆ ನೂರಾರು ವೋಲ್ಟ್ ಇರುತ್ತದೆ. ಪ್ಲಗ್ ಕಿತ್ತ ಮೇಲೂ ಅದರ ಕೆಪಾಸಿಟರ್‌ಗಳಲ್ಲಿ ಉಳಿದಿರುತ್ತದೆ.

ಬಿಚ್ಚುವ ಮುನ್ನ

ಕೊಂಡವರಿಗೆ ಬರೆದು ಕೇಳಿ: ಯಾವ ಅಡಾಪ್ಟರ್, ಅದರ ಮೇಲೆ ಎಷ್ಟು ವೋಲ್ಟ್ ಎಂದಿದೆ, ನಡುವಿನ ಪಿನ್ ಧನವೋ ಋಣವೋ? ಒಂದೇ ಅಡಾಪ್ಟರಿನಿಂದ ಬೇರೆ ಪೆಡಲ್‌ಗಳಿಗೂ ಕವಲು ತೆಗೆದಿದ್ದಾರೆಯೇ? ಸಾಲಿನಲ್ಲಿ ಈ ಪೆಡಲ್ ಎಷ್ಟನೆಯದು? ಒಂದೇ ಗಿಟಾರ್, ಎರಡೇ ಕೇಬಲ್, ಹೊಸ ಬ್ಯಾಟರಿ ಇಟ್ಟು ಈ ಪೆಡಲನ್ನು ಮಾತ್ರ ನುಡಿಸಿದರೂ ದೋಷ ಉಂಟೇ? ಬಂದು ಬಂದು ಹೋಗುವ ದೋಷವಾದರೆ ಅದರ ಶಬ್ದವನ್ನು ಮೊಬೈಲಿನಲ್ಲಿ ಮುದ್ರಿಸಿ ಕಳುಹಿಸಲು ಹೇಳಿ. ಅರ್ಧ ನಿಮಿಷದ ಮುದ್ರಣದಲ್ಲಿ ಸಿಗುವಷ್ಟು ಸುಳಿವು ಎರಡು ಪುಟ ವಿವರಣೆಯಲ್ಲಿ ಸಿಗುವುದಿಲ್ಲ.

ಈ ಪ್ರಶ್ನೆಗಳಿಗೆ ಉತ್ತರ ಬರುವಷ್ಟರಲ್ಲಿಯೇ ಬಗೆಹರಿದ ದೂರುಗಳು ನನ್ನಲ್ಲಿ ಬೇಕಾದಷ್ಟಿವೆ. ಕೇಬಲ್ ತುಂಡಾಗಿರುತ್ತದೆ. ಬ್ಯಾಟರಿ ಸತ್ತಿರುತ್ತದೆ, ಇನ್‌ಪುಟ್ ಜಾಕಿನಲ್ಲಿ ಪ್ಲಗ್ ಇರುವಷ್ಟು ಹೊತ್ತೂ ಬ್ಯಾಟರಿ ಖರ್ಚಾಗುತ್ತಲೇ ಇರುತ್ತದೆ ಎಂಬುದು ಎಷ್ಟೋ ಜನರಿಗೆ ತಿಳಿದಿರುವುದಿಲ್ಲ. ಇನ್ನು ಕೆಲವು ದೋಷವೇ ಅಲ್ಲ. ಎರಡು ಟ್ರಾನ್ಸಿಸ್ಟರಿನ ಹಳೆಯ ಮಾದರಿಯ ಫಜ್ (ದನಿಯನ್ನು ಒರಟಾಗಿ ಒಡೆಯುವ) ಪೆಡಲನ್ನು ಬಫರ್ (ಸಂಕೇತವನ್ನು ಬಲಪಡಿಸಿ ಮುಂದಕ್ಕೆ ಕಳುಹಿಸುವ ಹಂತ) ಇರುವ ಪೆಡಲಿನ ನಂತರ ಇಟ್ಟರೆ ಅದರ ದನಿ ತೆಳುವಾಗಿ, ಚುಚ್ಚುವಂತೆ ಆಗುತ್ತದೆ. ಗಿಟಾರಿನ ವಾಲ್ಯೂಮ್ ಇಳಿಸಿದರೆ ಸ್ವಚ್ಛವಾಗುವ ಅದರ ಗುಣವೂ ಮಾಯವಾಗುತ್ತದೆ. ಆ ಸರ್ಕ್ಯೂಟಿಗೆ ಗಿಟಾರಿನ ಪಿಕಪ್ (ತಂತಿಯ ಕಂಪನವನ್ನು ವಿದ್ಯುತ್ ಸಂಕೇತವಾಗಿಸುವ ಸುರುಳಿ) ನೇರವಾಗಿ ಸಿಗಬೇಕು. ಇದನ್ನು ಪೆಡಲಿನ ಜೊತೆ ಕಳುಹಿಸುವ ಚೀಟಿಯಲ್ಲಿಯೇ ಬರೆಯಲು ತೊಡಗಿದ ಮೇಲೆ ಆ ಬಗೆಯ ದೂರು ನಿಂತುಹೋಯಿತು.

ಮೊದಲ ಕವಲು: ಬೈಪಾಸ್

ಪೆಡಲ್ ಕೈಗೆ ಬಂದ ಮೇಲೆ ವಿದ್ಯುತ್ ಕೊಡದೆ ಬೈಪಾಸ್ ಸ್ಥಿತಿಯಲ್ಲಿ ನುಡಿಸಿ ನೋಡಿ. ಟ್ರೂ ಬೈಪಾಸ್ ಎಂದರೆ ಎಫೆಕ್ಟ್ ಆರಿರುವಾಗ ಇನ್‌ಪುಟ್ ಜಾಕ್ ಸ್ವಿಚ್ ಮೂಲಕ ನೇರವಾಗಿ ಔಟ್‌ಪುಟ್ ಜಾಕಿಗೆ ಸೇರಿರುತ್ತದೆ. ಅದಕ್ಕೆ ವಿದ್ಯುತ್ ಬೇಕಿಲ್ಲ, ಬೋರ್ಡ್ ಕೂಡ ಬೇಕಿಲ್ಲ. ಆದ್ದರಿಂದ ಇಲ್ಲಿಯೇ ಮೌನವಿದ್ದರೆ ಬೋರ್ಡಿನ ಗೊಡವೆ ಬೇಡ. ದೋಷ ಜಾಕ್, ಸ್ವಿಚ್, ಅಥವಾ ಅವುಗಳ ನಡುವಿನ ನಾಲ್ಕಾರು ತಂತಿಗಳಲ್ಲಿದೆ. ಮಲ್ಟಿಮೀಟರನ್ನು ಬೀಪ್ ಸ್ಥಿತಿಗೆ ಹಾಕಿ, ಎರಡೂ ಜಾಕಿಗೆ ಕೇಬಲ್ ಚುಚ್ಚಿ, ಒಂದು ಪ್ಲಗ್ಗಿನ ತುದಿಯಿಂದ ಇನ್ನೊಂದರ ತುದಿಗೆ ಮುಟ್ಟಿಸಿ ನೋಡಿ. ತುದಿಯಿಂದ ತೋಳಿಗೆ, ಅಂದರೆ ಗ್ರೌಂಡಿಗೆ (ಸರ್ಕ್ಯೂಟಿನ ಎಲ್ಲ ಭಾಗಗಳಿಗೂ ಸಮಾನವಾದ ಆಧಾರ ತಂತಿಗೆ), ಬೀಪ್ ಬಂದರೆ ಎಲ್ಲೋ ಶಾರ್ಟ್ ಆಗಿದೆ.

ಸ್ವಿಚ್ ಬಗ್ಗೆ ಎರಡು ಮಾತು. ಅದರ ಕಾಲುಗಳು ಪ್ಲಾಸ್ಟಿಕ್ಕಿನಲ್ಲಿ ಕೂತಿರುತ್ತವೆ. ಬೆಸುಗೆ ಹಾಕುವಾಗ ಐರನ್ನನ್ನು ನಾಲ್ಕೈದು ಸೆಕೆಂಡಿಗಿಂತ ಹೆಚ್ಚು ಒತ್ತಿ ಹಿಡಿದರೆ ಪ್ಲಾಸ್ಟಿಕ್ ಮೆತ್ತಗಾಗಿ ಕಾಲು ವಾಲುತ್ತದೆ, ಒಳಗಿನ ಸಂಪರ್ಕ ಪೂರ್ತಿ ಕೂರುವುದಿಲ್ಲ. ಕಟ್ಟಿದ ದಿನ ಎಲ್ಲ ಸರಿಯಿರುತ್ತದೆ. ಕೆಲವು ತಿಂಗಳ ನಂತರ ‘ಎರಡು ಸಲ ಒತ್ತಿದರೆ ಮಾತ್ರ ಹತ್ತುತ್ತದೆ’ ಎಂಬ ದೂರು ಬರುತ್ತದೆ. ಹೀಗಾದ ಸ್ವಿಚ್ಚನ್ನು ರಿಪೇರಿ ಮಾಡಲು ಹೋಗಬೇಡಿ, ಬದಲಿಸಿ. ಹೊಸದಕ್ಕೆ ತಂತಿ ಹಾಕುವಾಗ ಮೂರು ಮೂರು ಕಾಲುಗಳ ಸಾಲು ಯಾವ ದಿಕ್ಕಿಗಿದೆ ಎಂದು ನೋಡಿಕೊಳ್ಳಿ. ಸ್ವಿಚ್ಚನ್ನು 90 ಡಿಗ್ರಿ ತಿರುಗಿಸಿ ಕೂರಿಸಿದರೆ ನೋಡಲು ಎಲ್ಲವೂ ಸರಿ ಎನಿಸುತ್ತದೆ, ಆದರೆ ಸಂಪರ್ಕಗಳು ಪೂರ್ತಿ ಬೇರೆಯಾಗುತ್ತವೆ.

ಬೈಪಾಸ್ ಸರಿಯಿದ್ದು, ಎಫೆಕ್ಟ್ ಹಾಕಿದಾಗ ಮಾತ್ರ ತೊಂದರೆ ಎಂದಾದರೆ ಮುಂದೆ ಓದಿ.

ವಿದ್ಯುತ್ ತಲುಪಿದೆಯೇ

ಎಲ್‌ಇಡಿ ಉರಿಯುತ್ತಿದೆ ಎಂದ ಮಾತ್ರಕ್ಕೆ ಬೋರ್ಡಿಗೆ ವಿದ್ಯುತ್ ತಲುಪಿದೆ ಎಂದಲ್ಲ. ಎಲ್‌ಇಡಿಯ ತಂತಿ ಬಹಳ ಸಲ ಅಡಾಪ್ಟರ್ ಜಾಕಿನಿಂದಲೇ ಬಂದಿರುತ್ತದೆ. ಮೀಟರಿನ ಕಪ್ಪು ತುದಿಯನ್ನು ಗ್ರೌಂಡಿಗೆ ಹಿಡಿದು ಕೆಂಪನ್ನು ಮೊದಲು ಜಾಕಿನ ಮೇಲೆ, ನಂತರ ರಕ್ಷಣೆಯ ಡಯೋಡಿನ ಆಚೆ, ನಂತರ ಐಸಿಯ ಕಾಲಿನ ಮೇಲೆ ಇಡುತ್ತಾ ಹೋಗಿ. ಎಲ್ಲಿ 9 ವೋಲ್ಟ್ ಕಳೆದುಹೋಗುತ್ತದೆಯೋ ಅದರ ಹಿಂದಿನ ಹೆಜ್ಜೆಯಲ್ಲಿ ದೋಷವಿದೆ.

ಗಿಟಾರ್ ಪೆಡಲ್‌ಗಳಲ್ಲಿ ನಡುವಿನ ಪಿನ್ ಋಣ, ಹೊರಗಿನ ಉಂಗುರ ಧನ ಎಂಬುದು ರೂಢಿ. ಮನೆಯಲ್ಲಿರುವ ಬೇರೆ ಬೇರೆ ಉಪಕರಣಗಳ ಅಡಾಪ್ಟರ್‌ಗಳು ಹೆಚ್ಚಾಗಿ ಇದಕ್ಕೆ ತದ್ವಿರುದ್ಧ. ಪ್ಲಗ್ ಮಾತ್ರ ಒಂದೇ ಅಳತೆಯದ್ದಾದ್ದರಿಂದ ತಪ್ಪು ಸುಲಭವಾಗಿ ಆಗುತ್ತದೆ. ಬೋರ್ಡಿನಲ್ಲಿ 1ಎನ್4001 ಡಯೋಡನ್ನು ಧನದಿಂದ ಗ್ರೌಂಡಿಗೆ ಅಡ್ಡ ಹಾಕಿದ್ದರೆ ತಿರುವು ವಿದ್ಯುತ್ತನ್ನು (ಧನ-ಋಣ ಅದಲುಬದಲಾಗಿ ಬಂದದ್ದನ್ನು) ಅದು ತನ್ನ ಮೇಲೆ ಎಳೆದುಕೊಳ್ಳುತ್ತದೆ. ಅಡಾಪ್ಟರ್ ಗಟ್ಟಿಯಾದದ್ದಾದರೆ ಡಯೋಡ್ ಸುಟ್ಟು ಶಾರ್ಟ್ ಆಗಿ ಕೂರುತ್ತದೆ. ಆಗ ಸರಿಯಾದ ಅಡಾಪ್ಟರ್ ಹಾಕಿದರೂ ವೋಲ್ಟೇಜ್ ಸೊನ್ನೆಗೆ ಕುಸಿಯುತ್ತದೆ. ಡಯೋಡಿನ ಒಂದು ಕಾಲನ್ನು ಎತ್ತಿದರೆ ಪೆಡಲ್ ಜೀವ ಪಡೆಯುತ್ತದೆ, ಉಳಿದ ಭಾಗಗಳು ಉಳಿದುಕೊಂಡಿವೆ ಎಂಬ ಸಮಾಧಾನವೂ ಸಿಗುತ್ತದೆ. ನಾನು ಈಗ 1ಎನ್5817 ಶಾಟ್ಕಿ ಡಯೋಡನ್ನು ವಿದ್ಯುತ್ ಬರುವ ದಾರಿಯ ಸಾಲಿನಲ್ಲಿಯೇ ಹಾಕುತ್ತೇನೆ. ಕಾಲು ವೋಲ್ಟಿನಷ್ಟು ನಷ್ಟವಾಗುತ್ತದೆ, ಆದರೆ ತಿರುವು ವಿದ್ಯುತ್ ಒಳಗೇ ಬರುವುದಿಲ್ಲ, ಸುಡುವುದಕ್ಕೆ ಏನೂ ಇರುವುದಿಲ್ಲ.

ವೋಲ್ಟೇಜ್ ಹೆಚ್ಚಾದ ಪ್ರಕರಣಗಳೂ ಉಂಟು. ನಿಯಂತ್ರಣವಿಲ್ಲದ ಹಳೆಯ ಅಡಾಪ್ಟರ್‌ಗಳ ಮೇಲೆ 9 ಎಂದು ಬರೆದಿದ್ದರೂ ಪೆಡಲಿನಂಥ ಹಗುರ ಹೊರೆಗೆ ಅವು 12 ವೋಲ್ಟಿಗೂ ಮೀರಿ ಕೊಡಬಲ್ಲವು. ಟಿಎಲ್072 ಆಪ್-ಆಂಪ್ (ಸಂಕೇತವನ್ನು ವರ್ಧಿಸುವ ಐಸಿ) ಅದನ್ನು ಸಹಿಸಿಕೊಳ್ಳುತ್ತದೆ. ಆದರೆ ಚಾರ್ಜ್ ಪಂಪ್ (9 ವೋಲ್ಟಿನಿಂದ ಬೇರೆ ವೋಲ್ಟೇಜ್ ಮಾಡಿಕೊಡುವ) ಐಸಿ ಐಸಿಎಲ್7660ರ ಮಿತಿ ಸುಮಾರು 10 ವೋಲ್ಟ್; ಅದು ಸದ್ದಿಲ್ಲದೆ ಸಾಯುತ್ತದೆ. ಚಾರ್ಜ್ ಪಂಪ್ ಇರುವ ಪೆಡಲ್ ಸತ್ತು ಬಂದರೆ ಮೊದಲು ಅದನ್ನೇ ಅಳೆಯಿರಿ.

ಶಬ್ದದ ಜಾಡು ಹಿಡಿದು

ವಿದ್ಯುತ್ ಸರಿಯಿದೆ, ದನಿ ಇಲ್ಲ. ಈ ಹಂತದಲ್ಲಿ ಆಡಿಯೋ ಪ್ರೋಬ್‌ನಷ್ಟು ನೆರವಾಗುವ ಉಪಕರಣ ಬೇರೊಂದಿಲ್ಲ. ಅದನ್ನು ಹತ್ತು ನಿಮಿಷದಲ್ಲಿ ಮಾಡಿಕೊಳ್ಳಬಹುದು. ಹಳೆಯ ಗಿಟಾರ್ ಕೇಬಲ್ಲಿನ ಒಂದು ತುದಿ ಕತ್ತರಿಸಿ, ಒಳತಂತಿಗೆ 100 ನ್ಯಾನೋ ಫ್ಯಾರಡ್ ಕೆಪಾಸಿಟರಿನ ಒಂದು ಕಾಲನ್ನು ಬೆಸೆಯಿರಿ. ಅದರ ಇನ್ನೊಂದು ಕಾಲೇ ನಿಮ್ಮ ಮುಟ್ಟುವ ಮೊನೆ. ಹೊರಹೆಣಿಗೆಗೆ ಒಂದು ಕ್ಲಿಪ್ ಹಾಕಿ ಪೆಡಲಿನ ಗ್ರೌಂಡಿಗೆ ಕಚ್ಚಿಸಿ. ಕೇಬಲ್ಲಿನ ಉಳಿದ ತುದಿ ಆಂಪ್ಲಿಫೈಯರಿಗೆ. ಕೆಪಾಸಿಟರ್ ನೇರ ವಿದ್ಯುತ್ತನ್ನು ತಡೆದು ಶಬ್ದವನ್ನು ಮಾತ್ರ ಬಿಡುತ್ತದೆ. ಆಂಪ್ಲಿಫೈಯರಿನ ವಾಲ್ಯೂಮ್ ಕಡಿಮೆಯಿರಲಿ. ಮುಟ್ಟಿದಾಗ ಬರುವ ಟಪ್ ಶಬ್ದ ಜೋರಾಗಿರುತ್ತದೆ.

ಪೆಡಲಿನ ಇನ್‌ಪುಟ್ಟಿಗೆ ಯಾವುದಾದರೂ ಹಾಡನ್ನು ಸಣ್ಣ ದನಿಯಲ್ಲಿ ಕೊಡಿ. ಗಿಟಾರ್ ನುಡಿಸುತ್ತಾ ಪ್ರೋಬ್ ಹಿಡಿಯಲು ಎರಡು ಕೈ ಸಾಲುವುದಿಲ್ಲ. ಇನ್ನು ಸರ್ಕ್ಯೂಟ್ ಚಿತ್ರವನ್ನು ಪಕ್ಕದಲ್ಲಿಟ್ಟುಕೊಂಡು ಸರ್ಕ್ಯೂಟಿನ ನಟ್ಟನಡುವೆ ಮುಟ್ಟಿ. ಅಲ್ಲಿ ಹಾಡು ಕೇಳಿದರೆ ಮೊದಲರ್ಧ ಸರಿಯಿದೆ, ಉಳಿದರ್ಧದ ನಡುವಿಗೆ ಹೋಗಿ. ಕೇಳದಿದ್ದರೆ ಹಿಂದಕ್ಕೆ ಬನ್ನಿ. ಹೀಗೆ ಅರ್ಧ ಅರ್ಧ ಮಾಡುತ್ತಾ ಹೋದರೆ ನಲವತ್ತು ಭಾಗಗಳ ಬೋರ್ಡಿನಲ್ಲಿಯೂ ಐದಾರು ಮುಟ್ಟಿಗೆ ಜಾಗ ಸಿಗುತ್ತದೆ. ಈ ಭಾಗದ ಈಚೆ ಕೇಳುತ್ತದೆ, ಆಚೆ ಕೇಳುವುದಿಲ್ಲ ಎಂಬ ಕ್ಷಣಕ್ಕಾಗಿಯೇ ನಾನು ಈ ಕೆಲಸವನ್ನು ಇಷ್ಟಪಡುತ್ತೇನೆ.

ಜಾಗ ಸಿಕ್ಕ ಮೇಲೆ ಮೀಟರ್ ಹಿಡಿಯಿರಿ. ಎಂಟು ಕಾಲಿನ ಜೋಡಿ ಆಪ್-ಆಂಪ್‌ನಲ್ಲಿ 8ನೇ ಕಾಲಿನಲ್ಲಿ ಪೂರೈಕೆ ಅಂದರೆ 9 ವೋಲ್ಟಿನ ಆಸುಪಾಸು, 4ನೆಯದರಲ್ಲಿ ಸೊನ್ನೆ, ಔಟ್‌ಪುಟ್ ಕಾಲುಗಳಾದ 1 ಮತ್ತು 7ರಲ್ಲಿ ಪೂರೈಕೆಯ ಅರ್ಧ, ಅಂದರೆ ಸುಮಾರು 4.5 ವೋಲ್ಟ್ ಇರಬೇಕು. ಔಟ್‌ಪುಟ್ ಮೇಲಕ್ಕೋ ಕೆಳಕ್ಕೋ ಪೂರ್ತಿ ಹೋಗಿ ಕೂತಿದ್ದರೆ ಐಸಿಯನ್ನು ದೂರುವ ಮುನ್ನ ಅರ್ಧ ವೋಲ್ಟೇಜ್ ಮಾಡಿಕೊಡುವ ಎರಡು ಸಮಾನ ರೆಸಿಸ್ಟರ್‌ಗಳನ್ನು ನೋಡಿ. ಇಲ್ಲೊಂದು ಮೋಸವಿದೆ: ಇನ್‌ಪುಟ್ ಕಾಲಿಗೆ ಅರ್ಧ ವೋಲ್ಟೇಜ್ 1 ಮೆಗಾ ಓಮ್ ಮೂಲಕ ಬರುತ್ತಿದ್ದರೆ, 10 ಮೆಗಾ ಓಮ್ ಒಳರೋಧದ ಮೀಟರ್ ತಾನೇ ಸ್ವಲ್ಪ ಎಳೆದುಕೊಂಡು 4.5ರ ಬದಲು 4.1 ತೋರಿಸುತ್ತದೆ. ಅಗ್ಗದ ಮೀಟರಿನಲ್ಲಿ ಇನ್ನೂ ಕಡಿಮೆ. ಅದು ದೋಷವಲ್ಲ, ಅಳೆಯುವುದರಿಂದಲೇ ಆದ ಬದಲಾವಣೆ.

ಸಿಲಿಕಾನ್ ಎನ್‌ಪಿಎನ್ ಟ್ರಾನ್ಸಿಸ್ಟರಿನ ಬೇಸ್, ಎಮಿಟರಿಗಿಂತ ಸುಮಾರು 0.6 ವೋಲ್ಟ್ ಮೇಲಿರಬೇಕು. ಕಲೆಕ್ಟರಿನಲ್ಲಿ ಪೂರ್ತಿ 9 ಇದ್ದರೆ ಅದು ವಿದ್ಯುತ್ ಹರಿಸುತ್ತಿಲ್ಲ. ಎಮಿಟರಿನ ಮಟ್ಟಕ್ಕೇ ಇಳಿದಿದ್ದರೆ ಮಿತಿಮೀರಿ ಹರಿಸುತ್ತಿದೆ. ದನಿ ಬರುತ್ತದೆ ಆದರೆ ಬಡಕಲಾಗಿದೆ ಎಂದಾದರೆ ಕಾಲುಗಳ ಕ್ರಮ ನೋಡಿ. ಚಪ್ಪಟೆ ಮುಖ ನಮ್ಮ ಕಡೆಗಿರುವಾಗ 2ಎನ್3904ರ ಕಾಲುಗಳು ಎಡದಿಂದ ಎಮಿಟರ್, ಬೇಸ್, ಕಲೆಕ್ಟರ್. ಬಿಸಿ549ರಲ್ಲಿ ಕಲೆಕ್ಟರ್, ಬೇಸ್, ಎಮಿಟರ್. ಒಂದರ ಬದಲು ಇನ್ನೊಂದನ್ನು ಹಾಗೆಯೇ ಕೂರಿಸಿದರೆ ತಲೆಕೆಳಗಾಗುತ್ತದೆ. ತಲೆಕೆಳಗಾದ ಟ್ರಾನ್ಸಿಸ್ಟರ್ ಪೂರ್ತಿ ಸುಮ್ಮನಾಗುವುದಿಲ್ಲ, ತೀರಾ ಕಡಿಮೆ ವರ್ಧನೆಯಲ್ಲಿ ಕೆಲಸ ಮಾಡುತ್ತಲೇ ಇರುತ್ತದೆ. ಅದಕ್ಕೇ ಈ ತಪ್ಪು ಪರೀಕ್ಷೆಯಲ್ಲಿಯೂ ನುಸುಳಿ ಗ್ರಾಹಕರವರೆಗೆ ಹೋಗಿಬಿಡುತ್ತದೆ. ಇದೇ ಬಗೆಯ ಜೋಡಿ 78ಎಲ್05 ಮತ್ತು 7805: ಎರಡೂ 5 ವೋಲ್ಟ್ ಕೊಡುವ ರೆಗ್ಯುಲೇಟರ್‌ಗಳೇ, ಕಾಲುಗಳ ಕ್ರಮ ಮಾತ್ರ ಒಂದಕ್ಕೊಂದು ಉಲ್ಟಾ.

ರೆಸಿಸ್ಟರ್‌ಗಳ ವಿಷಯದಲ್ಲಿ ಕಣ್ಣನ್ನು ನಂಬಬೇಡಿ. ಐದು ಪಟ್ಟಿಯ ಮೆಟಲ್ ಫಿಲ್ಮ್ ರೆಸಿಸ್ಟರಿನಲ್ಲಿ ಕಂದು-ಕಪ್ಪು-ಕಪ್ಪು-ಕೆಂಪು ಎಂದರೆ 10 ಕಿಲೋ ಓಮ್, ನಾಲ್ಕನೆಯದು ಕಿತ್ತಳೆಯಾದರೆ 100 ಕಿಲೋ ಓಮ್. ನೀಲಿ ಮೈಯ ಮೇಲೆ, ಸಂಜೆಯ ದೀಪದಲ್ಲಿ ಕೆಂಪು, ಕಿತ್ತಳೆ, ಕಂದು ಒಂದೇ ಥರ ಕಾಣುತ್ತವೆ. ಬೋರ್ಡಿಗೆ ಹಾಕುವ ಮುನ್ನ ಪ್ರತಿಯೊಂದನ್ನೂ ಅಳೆಯುವುದೇ ದಾರಿ. ಬೋರ್ಡಿನ ಮೇಲೆಯೇ ಅಳೆದರೆ ಸುತ್ತಲಿನ ಭಾಗಗಳೂ ಸೇರಿಕೊಂಡು ಕಡಿಮೆ ತೋರಿಸಬಹುದು, ಹೆಚ್ಚು ತೋರಿಸಿದರೆ ಮಾತ್ರ ಖಂಡಿತ ಅನುಮಾನಿಸಿ.

ಹೊರಗೆ ಹಾಡುತ್ತದೆ, ಡಬ್ಬಿಯೊಳಗೆ ಮೌನ

ಮೇಜಿನ ಮೇಲೆ ಬಿಚ್ಚಿಟ್ಟಾಗ ಚೆನ್ನಾಗಿ ನಡೆದು ಮುಚ್ಚಳ ಹಾಕಿದೊಡನೆ ಸಾಯುವ ಪೆಡಲಿನಲ್ಲಿ ಸರ್ಕ್ಯೂಟಿನ ದೋಷ ಹುಡುಕಬೇಡಿ. ಅಲ್ಯೂಮಿನಿಯಂ ಡಬ್ಬಿ ಗ್ರೌಂಡಿಗೆ ಸೇರಿದೆ. ಯಾವುದೋ ಲೋಹ ಅದಕ್ಕೆ ತಾಗುತ್ತಿದೆ. ನನ್ನ ಅನುಭವದಲ್ಲಿ ಮೂರು ಜಾಗಗಳು ಮುಖ್ಯ. ಪಾಟ್‌ಗಳ (ನಾಬ್‌ಗಳ ಕೆಳಗಿನ ತಿರುಗುವ ರೆಸಿಸ್ಟರ್‌ಗಳ) ಲೋಹದ ಬೆನ್ನು ಬೋರ್ಡಿನ ಅಡಿಯ ಚೂಪು ಕಾಲುಗಳಿಗೆ ತಾಗುವುದು ಒಂದು. ಜಾಕಿನೊಳಗೆ ಪ್ಲಗ್ ಹೋದಾಗ ಅದರ ಸ್ಪ್ರಿಂಗ್ ಪಟ್ಟಿ ಹೊರಕ್ಕೆ ಬಾಗಿ ಡಬ್ಬಿಯ ಗೋಡೆಗೆ ತಾಗುವುದು ಇನ್ನೊಂದು. ಇದು ಪ್ಲಗ್ ಚುಚ್ಚದೆ ನೋಡಿದರೆ ಕಾಣುವುದೇ ಇಲ್ಲ. ಮೂರನೆಯದು ಅಡಾಪ್ಟರ್ ಜಾಕ್: ಅದರ ಹೊರ ಉಂಗುರ ನಮ್ಮಲ್ಲಿ ಧನವಾದ್ದರಿಂದ ಲೋಹದ ಮೈಯ ಜಾಕ್ ಬಳಸಿದರೆ ಧನ ನೇರವಾಗಿ ಡಬ್ಬಿಗೆ ಸೇರಿ ಶಾರ್ಟ್ ಆಗುತ್ತದೆ. ಪ್ಲಾಸ್ಟಿಕ್ ಮೈಯ ಜಾಕನ್ನೇ ಹಾಕಿ.

ಸಾಗಣೆಯಲ್ಲಿ ಬಿದ್ದ ಪೆಟ್ಟಿಗೂ ಇಂಥ ದೋಷ ಹುಟ್ಟುತ್ತದೆ. ಜಾಕಿನ ನಟ್ಟು ಸಡಿಲಾಗಿ, ಕೇಬಲ್ ಚುಚ್ಚಿದಾಗಲೆಲ್ಲ ಜಾಕ್ ಸ್ವಲ್ಪ ಸ್ವಲ್ಪ ತಿರುಗಿ, ಕೊನೆಗೆ ತಂತಿ ಬುಡದಲ್ಲಿ ತುಂಡಾಗುತ್ತದೆ. ಹಲ್ಲಿರುವ ವಾಷರ್ ಒಂದನ್ನು ಒಳಗಡೆ ಹಾಕಿದರೆ ಜಾಕ್ ಕದಲುವುದಿಲ್ಲ.

ಬೇಡದ ಸದ್ದುಗಳು

ಗುಂಯ್‌ಗುಡುವ ಸದ್ದು ಇದ್ದರೆ ಬ್ಯಾಟರಿ ಹಾಕಿ ನೋಡಿ. ನಿಂತಿತೇ? ಹಾಗಾದರೆ ಅದು ಅಡಾಪ್ಟರಿನದ್ದು. ಪೂರೈಕೆಯ ದಾರಿಯಲ್ಲಿ 100 ಓಮ್ ರೆಸಿಸ್ಟರ್, ಅದರಾಚೆ ಗ್ರೌಂಡಿಗೆ 100 ಮೈಕ್ರೋ ಫ್ಯಾರಡ್ ಕೆಪಾಸಿಟರ್ ಇದ್ದರೆ ಬಹುಪಾಲು ತಗ್ಗುತ್ತದೆ. ಆ ಕೆಪಾಸಿಟರಿನ ಬೆಸುಗೆ ಬಿಟ್ಟಿದೆಯೇ ನೋಡಿ. ಬ್ಯಾಟರಿಯಲ್ಲೂ ಗುಂಯ್‌ಗುಟ್ಟಿದರೆ ಡಬ್ಬಿ ಗ್ರೌಂಡಿಗೆ ನಿಜವಾಗಿ ಸೇರಿದೆಯೇ ಎಂದು ಅಳೆಯಿರಿ. ಪೌಡರ್ ಬಣ್ಣ ಹೊಡೆದ ಡಬ್ಬಿಯಲ್ಲಿ ಜಾಕಿನ ಸುತ್ತಲಿನ ಬಣ್ಣವೇ ಸಂಪರ್ಕವನ್ನು ತಡೆಯುತ್ತದೆ. ಒಳಭಾಗದಲ್ಲಿ ಆ ಜಾಗವನ್ನು ಉಜ್ಜಿ ಲೋಹ ಕಾಣಿಸಬೇಕು.

ಸೊಳ್ಳೆಯ ಹಾಡಿನಂತೆ ಸಣ್ಣಗೆ, ಎತ್ತರದಲ್ಲಿ ಕೇಳುವ ಸದ್ದು ಚಾರ್ಜ್ ಪಂಪಿನದ್ದು. 7660ರ ಆಂದೋಲಕ ಸುಮಾರು 10 ಕಿಲೋ ಹರ್ಟ್ಸ್‌ನಲ್ಲಿ ನಡೆಯುತ್ತದೆ, ಕಿವಿಗೆ ಕೇಳುವ ವ್ಯಾಪ್ತಿಯೊಳಗೇ. ಹೆಸರಿನ ಕೊನೆಯಲ್ಲಿ ‘ಎಸ್’ ಇರುವ ಐಸಿಎಲ್7660ಎಸ್ ತರಿಸಿ, 1ನೇ ಕಾಲನ್ನು ಪೂರೈಕೆಗೆ ಸೇರಿಸಿದರೆ ಆಂದೋಲನ ಕಿವಿಗೆ ಎಟುಕದ ಎತ್ತರಕ್ಕೆ ಏರುತ್ತದೆ. ‘ಎಸ್’ ಇಲ್ಲದ್ದರಲ್ಲಿ ಆ ಕಾಲಿಗೆ ಕೆಲಸವೇ ಇಲ್ಲ.

ಗೇನ್ (ವರ್ಧನೆಯ ನಾಬ್) ಪೂರ್ತಿ ತಿರುಗಿಸಿದಾಗ ಮಾತ್ರ ಕಿರುಚುವುದಾದರೆ ಇನ್‌ಪುಟ್ ತಂತಿ ಮತ್ತು ಔಟ್‌ಪುಟ್ ತಂತಿ ಪಕ್ಕಪಕ್ಕದಲ್ಲಿ ಓಡಿವೆ. ಒಣಗಿದ ಮರದ ಕಡ್ಡಿಯಿಂದ ತಂತಿಯನ್ನು ಸರಿಸುತ್ತಾ ಕೇಳಿ; ಕಿರುಚಾಟದ ಸ್ವರ ಬದಲಾದರೆ ಅಪರಾಧಿ ಅದೇ. ತಂತಿಯನ್ನು ಗಿಡ್ಡ ಮಾಡಿ ಬೇರೆ ಮೂಲೆಯಿಂದ ತನ್ನಿ, ಇಲ್ಲವೇ ಇನ್‌ಪುಟ್ಟಿಗೆ ಹೆಣಿಗೆಯಿರುವ ತಂತಿ ಹಾಕಿ, ಹೆಣಿಗೆಯ ಒಂದು ತುದಿಯನ್ನು ಮಾತ್ರ ಗ್ರೌಂಡಿಗೆ ಕೊಡಿ.

ಸ್ವಿಚ್ ಒತ್ತಿದಾಗ ಟಪ್ ಎನ್ನುವುದಕ್ಕೆ ಇನ್‌ಪುಟ್ ಮತ್ತು ಔಟ್‌ಪುಟ್ಟಿನಲ್ಲಿ ಗ್ರೌಂಡಿಗೆ 1 ಮೆಗಾ ಓಮ್ ರೆಸಿಸ್ಟರ್ ಇಲ್ಲದಿರುವುದೇ ಸಾಮಾನ್ಯ ಕಾರಣ.

ಜರ್ಮೇನಿಯಂ ಪೆಡಲ್‌ಗಳು

ಜರ್ಮೇನಿಯಂ ಟ್ರಾನ್ಸಿಸ್ಟರ್ ಇರುವ ಫಜ್ ಮಾರುವವರು ಒಂದನ್ನು ಒಪ್ಪಿಕೊಳ್ಳಬೇಕು: ಬಿಸಿಲಿನಲ್ಲಿ ಅದು ಬೇರೆಯದೇ ಪೆಡಲ್. ತಾಪ ಏರಿದಂತೆ ಟ್ರಾನ್ಸಿಸ್ಟರಿನ ಸೋರಿಕೆ ಪ್ರವಾಹ ಏರುತ್ತದೆ, ಹೊಂದಿಸಿಟ್ಟ ವೋಲ್ಟೇಜ್ ಜಾರುತ್ತದೆ, ದನಿ ಉಗುಳಿದಂತೆ ಒಡೆಯುತ್ತದೆ. ಬೆರಳಲ್ಲಿ ಹಿಡಿದ ಬಿಸಿಗೇ ಮೀಟರಿನ ಅಂಕಿ ಏರುವುದನ್ನು ನೋಡಬಹುದು. ಆದ್ದರಿಂದ ಬೆಸುಗೆಯಾದ ಮೇಲೆ ಅರ್ಧ ಗಂಟೆ ತಣಿಯಲು ಬಿಟ್ಟು ನಂತರ ಎರಡನೇ ಟ್ರಾನ್ಸಿಸ್ಟರಿನ ಕಲೆಕ್ಟರನ್ನು ಪೂರೈಕೆಯ ಅರ್ಧಕ್ಕೆ ಹೊಂದಿಸಿ. ಆ ಕಲೆಕ್ಟರ್ ರೆಸಿಸ್ಟರಿನ ಜಾಗದಲ್ಲಿ ಟ್ರಿಮ್ ಪಾಟ್ ಇದ್ದರೆ ಮರಳಿ ಬಂದ ಪೆಡಲನ್ನು ಸರಿಪಡಿಸಲು ಸ್ಕ್ರೂಡ್ರೈವರ್ ಸಾಕು.

ಇನ್ನೊಂದು ದೂರು ಹೀಗಿರುತ್ತದೆ: ‘ಒಂಟಿಯಾಗಿದ್ದಾಗ ಚೆನ್ನಾಗಿದೆ, ಬೇರೆ ಪೆಡಲ್‌ಗಳ ಜೊತೆ ಸೇರಿಸಿದರೆ ಎಲ್ಲವೂ ಆರಿಹೋಗುತ್ತವೆ.’ ಪಿಎನ್‌ಪಿ ಬಗೆಯ ಟ್ರಾನ್ಸಿಸ್ಟರ್ ಇರುವ ಜರ್ಮೇನಿಯಂ ಪೆಡಲ್‌ಗಳಲ್ಲಿ ಧನವೇ ಗ್ರೌಂಡ್. ಉಳಿದವುಗಳಲ್ಲಿ ಋಣ ಗ್ರೌಂಡ್. ಒಂದೇ ಅಡಾಪ್ಟರಿನಿಂದ ಎರಡಕ್ಕೂ ಕವಲು ತೆಗೆದರೆ ಕೇಬಲ್ಲಿನ ಹೊರಹೆಣಿಗೆಯ ಮೂಲಕ ಧನ ಮತ್ತು ಋಣ ಸೇರಿ ಶಾರ್ಟ್ ಆಗುತ್ತದೆ. ಪೆಡಲಿನಲ್ಲಿ ರಿಪೇರಿ ಮಾಡಲು ಏನೂ ಇಲ್ಲ. ಅದಕ್ಕೆ ಬ್ಯಾಟರಿ ಅಥವಾ ಪ್ರತ್ಯೇಕ ಪೂರೈಕೆ ಬೇಕು. ಈ ಮಾತನ್ನು ಡಬ್ಬಿಯ ಮೇಲೆಯೇ, ಅಡಾಪ್ಟರ್ ಜಾಕಿನ ಪಕ್ಕದಲ್ಲಿ ಅಚ್ಚು ಹಾಕಿಸಿ. ಕಾಗದದ ಚೀಟಿ ಕಳೆದುಹೋಗುತ್ತದೆ, ಪೆಡಲ್ ಕೈಯಿಂದ ಕೈಗೆ ಮಾರಾಟವಾಗುತ್ತದೆ.

ಬಂದು ಬಂದು ಹೋಗುವ ದೋಷ

ಇದು ಎಲ್ಲಕ್ಕಿಂತ ಹೆಚ್ಚು ತಾಳ್ಮೆ ಬೇಡುತ್ತದೆ. ಪೆಡಲನ್ನು ಚಾಲೂ ಇಟ್ಟು, ಹಾಡು ಹರಿಸಿ, ಮರದ ಕಡ್ಡಿಯಿಂದ ಒಂದೊಂದೇ ಭಾಗವನ್ನು ಮೆಲ್ಲಗೆ ತಟ್ಟಿ, ತಂತಿಗಳನ್ನು ಅಲುಗಿಸಿ. ದನಿ ಕಡಿಯುವ ಜಾಗದಲ್ಲಿ ಭೂತಗನ್ನಡಿ ಹಿಡಿದು ಬೆಸುಗೆಯನ್ನು ನೋಡಿ. ಕಾಲಿನ ಸುತ್ತ ಕೂದಲೆಳೆಯಂಥ ಉಂಗುರ ಕಂಡರೆ, ಅಥವಾ ಸೀಸ ಕಾಲಿಗೆ ಅಂಟದೆ ಹನಿಯಂತೆ ದುಂಡಗೆ ನಿಂತಿದ್ದರೆ ಅದು ತಣ್ಣನೆಯ ಬೆಸುಗೆ. ಅದರ ಮೇಲೆ ಇನ್ನಷ್ಟು ಸೀಸ ಸುರಿಯಬೇಡಿ. ಹಳೆಯದನ್ನು ಹೀರಿ ತೆಗೆದು, ಫ್ಲಕ್ಸ್ ಹಚ್ಚಿ, ಹೊಸದಾಗಿ ಹಾಕಿ. 63/37 ಬೆಸುಗೆ ಸೀಸ (63 ಪಾಲು ತವರ, 37 ಪಾಲು ಸೀಸ) 183 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗುತ್ತದೆ. ಐರನ್ 330ರಿಂದ 350ರಲ್ಲಿದ್ದರೆ ಎರಡು ಸೆಕೆಂಡಿನಲ್ಲಿ ಕೆಲಸ ಮುಗಿಯುತ್ತದೆ.

ತಟ್ಟಿದರೂ ಏನೂ ಆಗದಿದ್ದರೆ ಪೆಡಲನ್ನು ಗಂಟೆಗಟ್ಟಲೆ ನಡೆಯಲು ಬಿಡಿ. ಬಿಸಿಯಾದ ಮೇಲೆ ಮಾತ್ರ ಕಾಣಿಸಿಕೊಳ್ಳುವ ದೋಷಗಳಿವೆ. ‘ನನ್ನಲ್ಲಿ ಸರಿಯಾಗಿಯೇ ನಡೆಯುತ್ತಿದೆ’ ಎಂದು ಬರೆದು ಹಿಂದಕ್ಕೆ ಕಳುಹಿಸುವ ಮನಸ್ಸಾಗುತ್ತದೆ. ಆದರೆ ಹಣ ಕೊಟ್ಟವರು ಕೇಳಿದ ಸದ್ದು ಸುಳ್ಳಲ್ಲ. ಅವರು ಮುದ್ರಿಸಿ ಕಳುಹಿಸಿದ್ದನ್ನು ಇನ್ನೊಮ್ಮೆ ಕೇಳಿ, ಅವರ ನಾಬ್‌ಗಳು ಇದ್ದ ಸ್ಥಾನದಲ್ಲಿಯೇ ಇಟ್ಟು ನುಡಿಸಿ.

ಕ್ರಮಸಂಖ್ಯೆಯ ಪುಸ್ತಕ

ಪ್ರತಿ ಪೆಡಲಿಗೂ ಒಳಮುಚ್ಚಳದಲ್ಲಿ ಕ್ರಮಸಂಖ್ಯೆ ಬರೆದು, ಅದರ ಐಸಿ ಮತ್ತು ಟ್ರಾನ್ಸಿಸ್ಟರ್ ಕಾಲುಗಳ ವೋಲ್ಟೇಜನ್ನು ಕಳುಹಿಸುವ ಮುನ್ನ ಪುಸ್ತಕದಲ್ಲಿ ಬರೆದಿಡುತ್ತೇನೆ. ಅದು ಮರಳಿ ಬಂದಾಗ ಚೆನ್ನಾಗಿದ್ದ ದಿನದ ಅಂಕಿಗಳು ಕಣ್ಣ ಮುಂದಿರುತ್ತವೆ. ಯಾವುದು ಬದಲಾಗಿದೆ ಎಂದು ನೋಡಿದರೆ ಅರ್ಧ ಕೆಲಸ ಮುಗಿದಂತೆ. ಭಾಗಗಳ ಖರೀದಿಯ ದಿನಾಂಕವನ್ನೂ ಅದೇ ಸಾಲಿನಲ್ಲಿ ಬರೆಯುತ್ತೇನೆ. ಒಮ್ಮೆ ಒಂದೇ ತಿಂಗಳಲ್ಲಿ ಎರಡು ಪೆಡಲ್ ಒಂದೇ ದೋಷದಿಂದ ಬಂದವು. ಪುಸ್ತಕ ತೆಗೆದರೆ ಎರಡರಲ್ಲೂ ಫೆಟ್ ಟ್ರಾನ್ಸಿಸ್ಟರ್‌ಗಳು ಒಂದೇ ಪೊಟ್ಟಣದವು. ಉಳಿದವನ್ನು ಅಳೆದರೆ ಮೇಲಿನ ಅಚ್ಚು ಒಂದು, ಒಳಗಿನ ಗುಣ ಇನ್ನೊಂದು. ಅದೇ ಪೊಟ್ಟಣದಿಂದ ಕಟ್ಟಿದ ಇನ್ನೂ ಐದು ಪೆಡಲ್‌ಗಳು ಹೊರಗಿದ್ದವು. ಅವನ್ನು ಕೊಂಡ ಐವರಿಗೂ ದೂರು ಬರುವ ಮೊದಲೇ ಪತ್ರ ಬರೆದು, ಸಾಗಣೆಯ ವೆಚ್ಚ ನಾನೇ ಹೊತ್ತು ಪೆಡಲ್‌ಗಳನ್ನು ತರಿಸಿಕೊಂಡು, ಅಳೆದು ಆರಿಸಿದ ಭಾಗ ಹಾಕಿ ಕಳುಹಿಸಿದೆ. ಅಂದಿನಿಂದ ಹೊಸ ಪೊಟ್ಟಣ ಬಂದ ದಿನವೇ ಎಲ್ಲ ಟ್ರಾನ್ಸಿಸ್ಟರ್‌ಗಳನ್ನೂ ಅಳೆದು, ಅಂಕಿಯನ್ನು ಪೊಟ್ಟಣದ ಮೇಲೆ ಬರೆದ ಮೇಲೆಯೇ ಅವು ಡ್ರಾಯರಿನೊಳಗೆ ಹೋಗುತ್ತವೆ.